ನೋಡುವ ಕಣ್ಣಿಗೂ ಒಂದು ಋಣವಿದೆ

ರಾತ್ರಿ ಊಟದ ಹೊತ್ತು. ಟಿ.ವಿ.ಯಲ್ಲಿ ಎರಡನೆಯ ಮಹಾಯುದ್ಧದ ಹಳೆಯ ಚಿತ್ರಗಳು ಬರುತ್ತಿವೆ. ಸುಟ್ಟ ಊರು, ಹೊಗೆ, ಸಾಲಾಗಿ ಮಲಗಿಸಿದ ದೇಹಗಳು. ಅಪ್ಪ ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಾನೆ. "ಅಪ್ಪಾ, ಇದು ಸಿನಿಮಾನಾ, ನಿಜಾನಾ?" ಎಂದು ಮಗು ಕೇಳುತ್ತದೆ. "ನಿಜವೇ. ಆದರೆ ಬಹಳ ಹಿಂದಿನದು. ನೀನು ಊಟ ಮಾಡು" ಎನ್ನುತ್ತಾನೆ ಅಪ್ಪ. ಅಮ್ಮ ಎದ್ದು ಚಾನೆಲ್ ಬದಲಿಸುತ್ತಾಳೆ.

ಇವರಲ್ಲಿ ಯಾರು ಮಾಡಿದ್ದು ಸರಿ? ಬೇಡವೆನ್ನಲೂ ಶಕ್ತಿಯಿಲ್ಲದೆ ಬಿದ್ದಿದ್ದ ಮನುಷ್ಯನ ಸಂಕಟವನ್ನು ನಾವು ನೋಡಬಹುದೇ? ನೋಡದೆ ಮುಖ ತಿರುಗಿಸುವುದು ಮರ್ಯಾದೆಯೋ, ಹೇಡಿತನವೋ? ಸೈನ್ಯದವರೇ ತೆಗೆದ ಒಂದು ಚಿತ್ರದ ಕಥೆ ನಮ್ಮನ್ನು ಈ ಪ್ರಶ್ನೆಯ ಮುಂದೆ ನಿಲ್ಲಿಸುತ್ತದೆ.

1945ರ ಆಗಸ್ಟ್ 9. ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಜಪಾನಿನ ನಾಗಸಾಕಿ ನಗರದ ಉರಾಕಾಮಿ ಪ್ರದೇಶದ ಮೇಲೆ ಅಮೆರಿಕದ ಅಣುಬಾಂಬು ಸಿಡಿಯಿತು. ಉರಾಕಾಮಿ ಜಪಾನಿನ ಕಥೋಲಿಕರ ಹಳೆಯ ನೆಲೆ. ಸ್ಫೋಟದ ಸ್ಥಳಕ್ಕೆ ಸುಮಾರು 500 ಮೀಟರ್ ದೂರದಲ್ಲಿದ್ದ ಪ್ರಧಾನಾಲಯದಲ್ಲಿ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕೃತಿಯ ಹಬ್ಬದ ಸಿದ್ಧತೆಗಾಗಿ ಪಾಪನಿವೇದನೆ ನಡೆಯುತ್ತಿತ್ತು. ಒಳಗಿದ್ದ ಗುರುಗಳೂ ಭಕ್ತರೂ ಉಳಿಯಲಿಲ್ಲ. ಉರಾಕಾಮಿಯ ಸುಮಾರು 12,000 ವಿಶ್ವಾಸಿಗಳಲ್ಲಿ ಸುಮಾರು 8,500 ಮಂದಿ ಮಡಿದರು.

ಸ್ಫೋಟದ ಸ್ಥಳದಿಂದ 1.8 ಕಿಲೋಮೀಟರ್ ದೂರದಲ್ಲಿ ಸುಮಿತೆರು ತಾನಿಗುಚಿ ಎಂಬ 16 ವರ್ಷದ ಹುಡುಗ ಸೈಕಲ್ ಮೇಲೆ ಟಪಾಲು ಹಂಚುತ್ತಿದ್ದ. ಹಿಂದಿನಿಂದ ಬಂದ ಬೆಂಕಿಯಂಥ ಬಿಸಿ ಅವನ ಇಡೀ ಬೆನ್ನನ್ನು ಸುಟ್ಟಿತು. ಮುಂದೆ ಒಂದು ವರ್ಷ ಒಂಬತ್ತು ತಿಂಗಳು ಅವನು ಆಸ್ಪತ್ರೆಯಲ್ಲಿ ಬೋರಲಾಗಿಯೇ ಮಲಗಿದ್ದ. ನೋವು ತಾಳಲಾರದೆ ತನ್ನನ್ನು ಕೊಂದುಬಿಡಿ ಎಂದು ಬೇಡುತ್ತಿದ್ದ.

1946ರ ಜನವರಿಯಲ್ಲಿ ಆ ಹಾಸಿಗೆಯ ಬಳಿಗೆ ಅಮೆರಿಕದ ಸೈನ್ಯದ ಚಿತ್ರತಂಡ ಬಂತು. ಬಾಂಬಿನ ಪರಿಣಾಮಗಳನ್ನು ದಾಖಲಿಸುವುದು ಅವರ ಕೆಲಸ. ಸೇತುವೆ ಎಷ್ಟು ಬಾಗಿದೆ, ಗೋಡೆ ಎಷ್ಟು ಕುಸಿದಿದೆ, ಮನುಷ್ಯನ ಮೈ ಎಷ್ಟು ಸುಟ್ಟಿದೆ? ಲೆಫ್ಟಿನೆಂಟ್ ಡೇನಿಯಲ್ ಮೆಕ್‌ಗವರ್ನ್ ಅವರ ಮುಂದಾಳ್ತನದ ಆ ತಂಡ ನಾಗಸಾಕಿ, ಹಿರೋಶಿಮಾ ಮೊದಲಾದ ನಗರಗಳಲ್ಲಿ ಸುಮಾರು 90,000 ಅಡಿ ಬಣ್ಣದ ಫಿಲ್ಮು ತೆಗೆಯಿತು. ಹುಡುಗನ ಹಸಿ ಬೆನ್ನಿನ ಮೇಲೆ ದೀಪಗಳನ್ನು ಹೊತ್ತಿಸಿದಾಗ ತಾನು ನಡುಗಿಹೋದೆನೆಂದು ತಂಡದಲ್ಲಿದ್ದ ಹರ್ಬರ್ಟ್ ಸುಸಾನ್ ಮುಂದೆ ನೆನಪಿಸಿಕೊಂಡಿದ್ದಾರೆ.

ಈ ನಡುಕವನ್ನು ಗಮನಿಸಿ. ಅಳತೆ ಮಾಡಲು ಬಂದ ಕಣ್ಣು ಒಂದು ಕ್ಷಣ ಮನುಷ್ಯನನ್ನು ಕಂಡಿತು. ಆದರೆ ಆ ರೀಲುಗಳನ್ನು ರಹಸ್ಯವೆಂದು ಗುರುತು ಹಾಕಿ ದಶಕಗಳ ಕಾಲ ಒಳಗಿಟ್ಟರು. ಜಪಾನಿನ ಚಿತ್ರಕಾರರು ತೆಗೆದಿದ್ದ ಕಪ್ಪು ಬಿಳುಪಿನ ಚಿತ್ರವನ್ನೂ ಅಮೆರಿಕಕ್ಕೆ ಒಯ್ದರು. ಅದರ ಪ್ರತಿ ಜಪಾನಿಗೆ ಮರಳಿದ್ದು 1967ರಲ್ಲಿ. ತಾವು ಕಂಡದ್ದನ್ನು ಜನರಿಗೂ ತೋರಿಸಿ ಎಂದು ಸುಸಾನ್ ವರ್ಷಗಟ್ಟಲೆ ಮೊರೆಯಿಟ್ಟರು.

ಕೊನೆಗೆ ಆ ಬಾಗಿಲು ತೆರೆಯುವುದಕ್ಕೆ ಸಾಮಾನ್ಯ ಜನರೂ ಕೈ ಜೋಡಿಸಿದರು. 1980ರಲ್ಲಿ ಜಪಾನಿನಲ್ಲಿ 'ಹತ್ತು ಅಡಿ' ಎಂಬ ಚಳವಳಿ ಆರಂಭವಾಯಿತು. ತಲೆಗೆ 3,000 ಯೆನ್ ಕೊಟ್ಟರೆ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಿಂದ ಹತ್ತು ಅಡಿ ಫಿಲ್ಮಿನ ಪ್ರತಿ ಕೊಳ್ಳಬಹುದು. ತೆರೆಯ ಮೇಲೆ ಹತ್ತು ಅಡಿ ಎಂದರೆ ಹದಿನಾರು ಸೆಕೆಂಡಿನಷ್ಟು. ಅಷ್ಟಕ್ಕಾಗಿ ಜನ ತಮ್ಮ ದುಡಿಮೆಯ ಹಣ ಕೊಟ್ಟರು. ನಾವು ಊಟದ ನಡುವೆ ಹಾಗೆಯೇ ಬಿಟ್ಟುಬಿಡುವ ಹದಿನಾರು ಸೆಕೆಂಡು ಅದು!

ಒಂದೇ ಬೆನ್ನಿನ ಮೇಲೆ ಎಷ್ಟು ಬಗೆಯ ನೋಟಗಳು! ಒಂದು, ಅಳೆಯುವ ನೋಟ. ಅದಕ್ಕೆ ಗಾಯವೆಂದರೆ ಒಂದು ಅಂಕಿ. ಇನ್ನೊಂದು, ಚಪಲದ ನೋಟ. ಅದು ನೋಡಿ, ಅಯ್ಯೋ ಎಂದು, ಮರೆಯುತ್ತದೆ. ಇವೆರಡೂ ಗಾಯಗೊಂಡವನಿಂದ ಏನನ್ನೋ ತೆಗೆದುಕೊಳ್ಳುತ್ತವೆ, ಏನನ್ನೂ ಕೊಡುವುದಿಲ್ಲ. ಹಾಗೆಂದು ಬಚ್ಚಿಟ್ಟರೆ ಸರಿಯಾಯಿತೇ? ಬಚ್ಚಿಟ್ಟದ್ದರಿಂದ ಆ ಹುಡುಗನ ಮಾನ ಉಳಿಯಲಿಲ್ಲ. ಅವನಿಗಾದದ್ದು ಜಗತ್ತಿಗೆ ತಿಳಿಯದೆ ಹೋಯಿತು, ಅಷ್ಟೇ.

ಹಾಗಾದರೆ ತೀರ್ಪು ಯಾರದು? ಗಾಯ ಯಾರದೋ ಅವರದೇ. ತಾನಿಗುಚಿಯವರು ಬದುಕಿದರು. 1949ರಲ್ಲಿ ಆಸ್ಪತ್ರೆಯಿಂದ ಹೊರಬಂದು ಮತ್ತೆ ಕೆಲಸಕ್ಕೆ ಸೇರಿದರು, ಸಂಸಾರ ಹೂಡಿದರು. 2010ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅಣ್ವಸ್ತ್ರಗಳ ಕುರಿತ ಸಭೆ ಸೇರಿದಾಗ ತಮ್ಮ ಆ ಕೆಂಪು ಬೆನ್ನಿನ ಚಿತ್ರವನ್ನು ಕೈಯಲ್ಲಿ ಎತ್ತಿ ಹಿಡಿದರು. ತಾನು ಪ್ರಯೋಗದ ಪ್ರಾಣಿಯಲ್ಲ, ಪ್ರದರ್ಶನದ ವಸ್ತುವೂ ಅಲ್ಲ. ಆದರೂ ಕಣ್ಣು ತಿರುಗಿಸಬೇಡಿ, ಇನ್ನೊಮ್ಮೆ ನನ್ನನ್ನು ನೋಡಿ ಎಂದು ಕೇಳಿಕೊಂಡರು. 2017ರ ಆಗಸ್ಟ್ 30ರಂದು 88ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನೋಡಬೇಡಿ ಎನ್ನಲು ಎಲ್ಲರಿಗಿಂತ ಹೆಚ್ಚು ಹಕ್ಕಿದ್ದ ಮನುಷ್ಯ ನೋಡಿ ಎಂದರು. ಆದರೆ ಒಂದು ಷರತ್ತಿನ ಮೇಲೆ: ವಸ್ತುವನ್ನು ನೋಡಬೇಡಿ, ನನ್ನನ್ನು ನೋಡಿ. ಹೀಗೆ ನೋಡಿದವನ ಮೇಲೆ ಒಂದು ಋಣ ಬೀಳುತ್ತದೆ. ಇಂಥದ್ದು ಇನ್ನೊಬ್ಬರಿಗೆ ಆಗಬಾರದೆಂಬ ಋಣ.

"ಯುದ್ಧ ಶುರುಮಾಡಿದವರು ಅವರೇ ಅಲ್ಲವೇ?" ಎಂದು ಕೆಲವರು ಕೇಳಬಹುದು. ಜಪಾನಿನ ಸೈನ್ಯ ಚೀನಾ, ಫಿಲಿಪೀನ್ಸ್, ಬರ್ಮಾಗಳಲ್ಲಿ ನಡೆಸಿದ ಕ್ರೌರ್ಯ ಸಣ್ಣದಲ್ಲ. ಅಲ್ಲಿ ನೊಂದವರ ಚಿತ್ರಗಳಿಗೂ ಇದೇ ಗೌರವ ಸಲ್ಲಬೇಕು. ಆದರೆ ಟಪಾಲು ಹಂಚುವ ಹುಡುಗನ ಬೆನ್ನು ಯಾವ ಲೆಕ್ಕಕ್ಕೂ ಜಮೆಯಾಗುವ ಬಾಕಿಯಲ್ಲ. ಶತ್ರುವಿನ ಮಗನ ಗಾಯ ಕಂಡಾಗಲೂ ನಮ್ಮ ಕಣ್ಣು ತೇವವಾದರೆ ಮಾತ್ರ ನಾವು ನಿಜವಾಗಿ ನೋಡಿದ್ದೇವೆ ಎಂದರ್ಥ.

ಇನ್ನು ನಮ್ಮ ಊಟದ ಮನೆಗೆ ಮರಳೋಣ. ಮಗು ತೀರಾ ಚಿಕ್ಕದಾಗಿದ್ದರೆ ಅಮ್ಮ ಚಾನೆಲ್ ಬದಲಿಸಿದ್ದು ಸರಿಯೇ. ಅದು ಹೇಡಿತನವಲ್ಲ, ಕಾಯುವಿಕೆ. ಆದರೆ ಮಗು ಪ್ರಶ್ನೆ ಕೇಳುವಷ್ಟು ಬೆಳೆದಿದ್ದರೆ, "ಬಹಳ ಹಿಂದಿನದು" ಎಂಬುದು ಉತ್ತರವಾಗದು. ತಟ್ಟೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಮಗುವಿನ ಜೊತೆ ಕುಳಿತು ನೋಡಿ. ಆ ಮನುಷ್ಯನಿಗೂ ಒಂದು ಹೆಸರಿತ್ತು, ಒಂದು ಸೈಕಲ್ಲಿತ್ತು, ಅಂದು ಬೆಳಿಗ್ಗೆ ತಲುಪಿಸಬೇಕಾದ ಪತ್ರಗಳಿದ್ದವು ಎಂದು ಹೇಳಿ. ಫೋನಿಗೆ ಇಂದಿನ ಯುದ್ಧಗಳ ಚಿತ್ರ ಬಂದಾಗಲೂ, ಇನ್ನೊಬ್ಬರಿಗೆ ಕಳಿಸುವ ಮುನ್ನ ಒಂದು ಗಳಿಗೆ ತಡೆದು, ಇವರು ಯಾರು ಎಂದು ಕೇಳಿಕೊಳ್ಳಿ.

ಆ ಹುಡುಗ ಹಂಚಲಾಗದೆ ಹೋದ ಪತ್ರಗಳು ಎಲ್ಲಿ ಬಿದ್ದವೋ! ಎತ್ತಿ ಹಿಡಿದ ಆ ಚಿತ್ರ ಮಾತ್ರ ನಮ್ಮ ವಿಳಾಸಕ್ಕೆ ತಲುಪಿದೆ. ತೆರೆದು ನೋಡುವುದು, ಉತ್ತರ ಕೊಡುವುದು ನಮಗೆ ಬಿಟ್ಟದ್ದು.