ಯಾರಿಗೂ ತೊಂದ್ರೆ ಕೊಡದ ಸಾವು

ದೊಡ್ಡಪ್ಪ ತೀರಿಕೊಂಡಾಗ ಅಂಗಳದಲ್ಲಿ ಕೂತಿದ್ದವರೆಲ್ಲ ಒಂದೇ ಮಾತು ಹೇಳಿದರು: "ಪುಣ್ಯವಂತ ಕಣಪ್ಪ, ಯಾರಿಗೂ ತೊಂದ್ರೆ ಕೊಡ್ದೆ ಹೋದ." ರಾತ್ರಿ ಮುದ್ದೆ ಉಂಡು ಮಲಗಿದವರು ಬೆಳಗ್ಗೆ ಏಳಲಿಲ್ಲ. ನಾನೂ ತಲೆಯಾಡಿಸಿದೆ. ಆ ಹೊತ್ತಿಗೆ ಅಂಥದ್ದೊಂದು ಮಾತು ಬೇಕೂ ಇತ್ತು. ದಿನ ಕಳೆದಂತೆ ಅದೇ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು.

ಅವರಿಗೆ 20 ವರ್ಷದಿಂದ ಶುಗರ್. ನಡೀತಾ ನಡೀತಾ ಒಂದು ಕಾಲಿನ ಹವಾಯಿ ಚಪ್ಪಲಿ ಕಳಚಿ ಹಿಂದೆ ಉಳಿದುಬಿಡೋದು, ಅವರಿಗೆ ಗೊತ್ತೇ ಆಗ್ತಿರಲಿಲ್ಲ. ನಾವು ನಗ್ತಿದ್ವಿ, ಅವರೂ ನಗ್ತಿದ್ರು. ಕಾಲಿನ ನರಕ್ಕೆ ಸ್ಪರ್ಶ ಹೋಗಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದೇ ಸಕ್ಕರೆ ಹೃದಯದ ನರಗಳನ್ನೂ ತಿನ್ನುತ್ತದೆ ಅನ್ನೋದು ನನಗೆ ತಿಳಿದದ್ದು ತಿಥಿ ಮುಗಿದ ಮೇಲೆ.

ಹೃದಯ ಬಡಿಯೋಕೆ ನರ ಬೇಕಿಲ್ಲ. ಬಡಿತ ಹುಟ್ಟುವುದು ಹೃದಯದೊಳಗೇ. ಕಸಿ ಮಾಡುವಾಗ ನರಗಳನ್ನು ಕತ್ತರಿಸಿದರೂ ಆ ಹೃದಯ ಇನ್ನೊಬ್ಬರ ಎದೆಯಲ್ಲಿ ಬಡಿಯುತ್ತದೆ. ನರಗಳ ಕೆಲಸ ಬೇರೆ. ಕೆಲವು ಬಡಿತದ ವೇಗ ಏರಿಸುತ್ತವೆ, ವೇಗಸ್ ಎಂಬ ಉದ್ದನೆಯ ನರ ಅದಕ್ಕೆ ಕಡಿವಾಣ ಹಾಕುತ್ತದೆ. ಇನ್ನು ಕೆಲವು, ರಕ್ತ ಸಾಲದೆ ಹೃದಯ ಒದ್ದಾಡಿದಾಗ ಆ ನೋವನ್ನು ಮಿದುಳಿಗೆ ಮುಟ್ಟಿಸುತ್ತವೆ. ಇವು ಹಾಳಾದರೆ ಸುಮ್ಮನೆ ಕೂತಾಗಲೂ ಬಡಿತ ಜಾಸ್ತಿ ಇರಬಹುದು, ಎದ್ದು ನಿಂತಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರಬಹುದು. ಹೃದಯಾಘಾತವಾದರೂ ಎದೆ ನೋಯದೇ ಇರಬಹುದು. ಬರೀ ಬೆವರು, ಸುಸ್ತು, ಏದುಸಿರು. ಬಡಿತದ ಲಯ ಕೆಟ್ಟು ಹಠಾತ್ತನೆ ಸಾಯುವ ಅಪಾಯವೂ ಇಂಥವರಲ್ಲಿ ಹೆಚ್ಚು.

ದೊಡ್ಡಪ್ಪನಿಗೆ ಆಗಿದ್ದು ಇದೇ ಅಂತ ನಾನು ಹೇಳಲಾರೆ, ಪೋಸ್ಟ್‌ಮಾರ್ಟಂ ಮಾಡಿಸಲಿಲ್ಲ. ಆದರೆ ಆ ವಾರವೆಲ್ಲ "ಯಾಕೋ ಸುಸ್ತು, ಗ್ಯಾಸ್ ಇರ್ಬೇಕು" ಅಂತಿದ್ದರಂತೆ. ದೊಡ್ಡಮ್ಮ ಆಸ್ಪತ್ರೆಗೆ ಹೋಗೋಣ ಅಂದಿದ್ದಕ್ಕೆ, "ಹುಡುಗ್ರಿಗೆ ಯಾಕೆ ತೊಂದ್ರೆ" ಅಂದರಂತೆ.

ಅನಾಯಾಸ ಮರಣ ಬೇಕು ಅಂತ ದೇವರಲ್ಲಿ ಕೇಳಿಕೊಳ್ಳುವವರನ್ನು ನಾನು ಆಕ್ಷೇಪಿಸುವುದಿಲ್ಲ. ನಮ್ಮಜ್ಜಿ 3 ವರ್ಷ ಹಾಸಿಗೆ ಹಿಡಿದಿದ್ದಳು, ಬೆನ್ನು ಹುಣ್ಣಾಗಿತ್ತು. ಅದನ್ನು ಕಂಡವರ್ಯಾರೂ ನರಳಾಟವನ್ನು ದೊಡ್ಡದು ಮಾಡಿ ಹೇಳಲಾರರು. ಆದರೆ ನನಗೆ ಅಂಥ ಸಾವು ಬರಲಿ ಅಂತ ಬೇಡುವುದು ಬೇರೆ, ಸತ್ತವರನ್ನು "ತೊಂದ್ರೆ ಕೊಡಲಿಲ್ಲ" ಅಂತ ಹೊಗಳುವುದು ಬೇರೆ. ಆ ಹೊಗಳಿಕೆ ಸತ್ತವರ ಕಿವಿಗೆ ಬೀಳುವುದಿಲ್ಲ. ಅವತ್ತು ಅಂಗಳದಲ್ಲಿ ಕೂತಿದ್ದ ಮುದುಕರ ಕಿವಿಗೆ ಬಿತ್ತು. ಒಳ್ಳೆಯ ಅಪ್ಪ, ಒಳ್ಳೆಯ ಅಮ್ಮ ಅಂದರೆ ಸುಸ್ತಾದರೂ ಹೇಳದವರು ಅಂತ ನಾವೇ ಅವರಿಗೆ ಕಲಿಸಿದ ಹಾಗಾಯಿತು. ನರ ಸತ್ತ ಮೈಯಲ್ಲಿ ನೋವು ತಾನಾಗಿ ಹೇಳುವುದಿಲ್ಲ. ಮನುಷ್ಯರೇ ಬಾಯಿಬಿಟ್ಟು ಹೇಳಬೇಕು. ಆ ಬಾಯಿಯನ್ನೂ ನಾವು ಹೊಗಳಿ ಹೊಗಳಿ ಮುಚ್ಚಿಸಿದರೆ?

ನಮ್ಮಪ್ಪನಿಗೂ 12 ವರ್ಷದಿಂದ ಶುಗರ್. ಹೋದ ತಿಂಗಳು ಕರ್ಕೊಂಡು ಹೋಗಿದ್ದೆ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ಇಸಿಜಿ ಹಾಕಿ, ಉಸಿರನ್ನು ನಿಧಾನವಾಗಿ ಪೂರ್ತಿ ಎಳೆದು ಬಿಡೋಕೆ ಹೇಳಿದರು. ನರ ಸರಿಯಿದ್ದರೆ ಉಸಿರಿನ ಜೊತೆ ಬಡಿತವೂ ಏರಿಳಿಯಬೇಕಂತೆ. ಸೂಜಿಯಿಲ್ಲ, ನೋವಿಲ್ಲ. ದೊಡ್ಡಪ್ಪನಿಗೂ ಇಷ್ಟು ಮಾಡಿಸಬಹುದಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ, "ಸುಮ್ನೆ ನಿನ್ನ ಒಂದು ರಜ ಹಾಳಾಯ್ತು" ಅಂದರು.

"ಇನ್ನೂ ರಜ ಇದೆ ಅಪ್ಪ, ಹಾಳ್ ಮಾಡಿ" ಅಂದೆ.