ಉಳಿದ ಮನೆ, ಹೋದ ಮನೆಯವರು

ಹಳೆಯ ಮನೆಯೊಂದನ್ನು ಕಾಪಾಡಿದೆವೆಂದು ಹೆಮ್ಮೆಪಡುವಾಗ ನಾವು ಕಾಪಾಡಿದ್ದು ಏನನ್ನು? ಗೋಡೆ ಮಾಡುಗಳನ್ನೋ, ಅವುಗಳ ನಡುವಣ ಬಾಳನ್ನೋ? ಮಲೇಷಿಯಾದ ಪಿನಾಂಗ್ ದ್ವೀಪದ ಜಾರ್ಜ್ ಟೌನ್ ಪಟ್ಟಣದಲ್ಲಿ ನಾಲ್ಕು ದಿನ ತಂಗಿದ್ದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಾನು ಇಳಿದುಕೊಂಡದ್ದು ಹಿಂದೆ ಚೀನೀ ವರ್ತಕನದಾಗಿದ್ದ ಅಂಗಡಿಮನೆಯಲ್ಲಿ. ಕೆಳಗೆ ವ್ಯಾಪಾರ, ಮೇಲೆ ಸಂಸಾರ. ಮುಂದೆ ದಾರಿಹೋಕರಿಗೆ ನೆರಳಾಗುವ ಐದಡಿಯ ಮೊಗಸಾಲೆ. ನಡುವೆ ನಮ್ಮ ತೊಟ್ಟಿಮನೆಗಳಲ್ಲಿರುವಂತೆ ಆಕಾಶಕ್ಕೆ ತೆರೆದ ಅಂಗಳ. ಇಂದು ಅದು ಹತ್ತು ಹನ್ನೆರಡು ಕೋಣೆಗಳ ದುಬಾರಿ ‘ಬುಟೀಕ್ ಹೋಟೆಲು’. ಕೆತ್ತನೆಯ ಬಾಗಿಲು, ಬಣ್ಣದ ನೆಲಬಿಲ್ಲೆ ಎಲ್ಲವೂ ಜೋಪಾನವಾಗಿವೆ. ಇಲ್ಲದಿರುವುದು ಸಂಸಾರವೊಂದೇ.

ಆ ಊರಿನಲ್ಲಿ ದಶಕಗಳ ಕಾಲ ಬಾಡಿಗೆ ನಿಯಂತ್ರಣದ ಕಾಯಿದೆಯಿತ್ತು. ಅದರ ಆಸರೆಯಲ್ಲಿ ಸಣ್ಣ ಕಸುಬುದಾರರೂ ವ್ಯಾಪಾರಿಗಳೂ ಅಲ್ಪ ಬಾಡಿಗೆ ತೆತ್ತು ಬಾಳಿದರು. 2000ದ ಆರಂಭಕ್ಕೆ ಕಾಯಿದೆ ಇಲ್ಲವಾಯಿತು, ಬಾಡಿಗೆ ಏರಿತು, ಅನೇಕ ಸಂಸಾರಗಳು ಬೇರೆಡೆಗೆ ಹೊರಟವು. 2008ರಲ್ಲಿ ಯುನೆಸ್ಕೊ ಮಲಕ್ಕಾದೊಂದಿಗೆ ಜಾರ್ಜ್ ಟೌನನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹಲವು ಜನಾಂಗ, ಹಲವು ಮತಗಳ ಜೀವಂತ ಪರಂಪರೆಯೂ ಆ ಮನ್ನಣೆಗೆ ಒಂದು ಕಾರಣ! ಬೆನ್ನಿಗೇ ಹೋಟೆಲುಗಳು ಹೆಚ್ಚಿದುವು.

ಹೋಟೆಲಿನವರ ಪರವಾಗಿಯೂ ಹೇಳಬೇಕಾದ ಮಾತಿದೆ. ಪುಡಿಗಾಸು ಬಾಡಿಗೆ ಬರುವ ಮನೆಗೆ ಯಾವ ಮಾಲೀಕ ಹೊಸ ಹೆಂಚು ಹೊದಿಸಿಯಾನು? ಅದೇ ಊರಿನ ಚೋಂಗ್ ಫಾಟ್ ಜೀ ಎಂಬ ಸಿರಿವಂತನ ನೀಲಿ ಮಹಲು ಶಿಥಿಲವಾಗಿತ್ತು. 1989ರಲ್ಲಿ ಪರಂಪರೆಯ ಅಭಿಮಾನಿಗಳು ಅದನ್ನು ಕೊಂಡು ಜೀರ್ಣೋದ್ಧಾರ ಮಾಡಿದರು. 2000ದಲ್ಲಿ ಅದಕ್ಕೆ ಯುನೆಸ್ಕೊ ಪ್ರಶಸ್ತಿಯೂ ಬಂತು. ಅದೂ ಈಗ ಹೋಟೆಲೇ.

ಹೀಗೆ ನೋಡಿದರೆ ಇಲ್ಲಿ ಖಳರೇ ಇಲ್ಲ. ಮಾಲೀಕನಿಗೆ ಆದಾಯ ಬೇಕು, ಬಾಡಿಗೆದಾರನಿಗೆ ಸೂರು ಬೇಕು, ನನ್ನಂಥವನಿಗೆ ಹಳೆಯ ಬೀದಿಯ ಸೊಗಸು ಬೇಕು. ಆದರೆ ನಾನು ತೆರುವ ಹಣವೇ, ಆ ಸೊಗಸನ್ನು ಬೆಳೆಸಿದವರ ಕೈಗೆ ಎಟುಕದಷ್ಟು ಎತ್ತರಕ್ಕೆ ಬೀದಿಯ ಬೆಲೆಯನ್ನು ಏರಿಸುತ್ತದೆ. ತಪ್ಪಿತಸ್ಥನಿಲ್ಲದ ಅನ್ಯಾಯಕ್ಕೆ ಹೊಣೆ ಯಾರು?

ಹಲವರಿಗೆ ಹಂಚಿಹೋದ ಮಾತ್ರಕ್ಕೆ ಹೊಣೆ ಕರಗಿಹೋಗದು ಎಂದು ನನ್ನ ನಂಬಿಕೆ. ಹಣದಿಂದ ಕೋಣೆಯ ಬಾಡಿಗೆ ತೀರೀತು. ಬೀದಿಯ ಋಣ ತೀರದು. ಜಾರ್ಜ್ ಟೌನಿನ ಎಷ್ಟೋ ಮನೆಗಳು ಚೀನೀ ಕುಲಸಂಘಗಳಿಗೆ, ಮಸೀದಿಗಳ ದತ್ತಿಗಳಿಗೆ ಸೇರಿವೆ. ಅವರಾದರೂ ಕೆಲವನ್ನು ಹಳೆಯ ನೆರೆಯವರಿಗೆ ಎಟುಕುವ ಬಾಡಿಗೆಗೆ ಮೀಸಲಿಡಬಹುದು. ಅತಿಥಿ ತೆರುವ ಹಣದಲ್ಲಿ ಒಂದು ಪಾಲು ಅದಕ್ಕೆ ಸಲ್ಲಬಹುದು. ಬಾಗಿಲಿನ ಕೆತ್ತನೆಯನ್ನು ಕೆಡಿಸಬಾರದೆಂದು ಕಟ್ಟಳೆ ಮಾಡಬಲ್ಲ ನಾಗರಿಕತೆಗೆ, ಆ ಬಾಗಿಲನ್ನು ದಿನವೂ ತೆರೆಯುತ್ತಿದ್ದವರನ್ನು ಲೆಕ್ಕಕ್ಕೆ ಹಿಡಿಯುವುದು ಅಸಾಧ್ಯವಾಗಬಾರದು.