ಶಾರದೆಯ ಪೀಠಕ್ಕೆ ಸಲ್ಲದ ಪುಟ



ಶರನ್ನವರಾತ್ರಿಯ ಸರಸ್ವತೀ ಪೂಜೆಯಂದು ಮನೆಯ ಪುಸ್ತಕಗಳನ್ನೆಲ್ಲ ಪೀಠದ ಮೇಲೆ ಜೋಡಿಸಿ ವಾಗ್ದೇವಿಯನ್ನು ಆವಾಹಿಸುತ್ತೇವೆ. ಭಗವದ್ಗೀತೆಗೆ ಅಲ್ಲಿ ಸ್ಥಳವುಂಟು. ಮಕ್ಕಳ ಪಠ್ಯಪುಸ್ತಕಕ್ಕೂ ಅಂಗಡಿಯ ಲೆಕ್ಕದ ಪುಸ್ತಕಕ್ಕೂ ಉಂಟು. ಆದರೆ ನಟನಟಿಯರ ಮನೆವಾರ್ತೆಯ ಗುಸುಗುಸು ತುಂಬಿದ ಪತ್ರಿಕೆಯನ್ನು ಯಾವ ಗೃಹಿಣಿಯೂ ಅಲ್ಲಿರಿಸಳು. ಯಾರೂ ಹೇಳಿಕೊಡದಿದ್ದರೂ ಕೈ ತಾನಾಗಿ ಹಿಂಜರಿಯುತ್ತದೆ. ಆ ಹಿಂಜರಿಕೆಯ ಅರ್ಥವನ್ನು ನಾವು ವಿಚಾರಿಸಬೇಕು.

ಉತ್ತರಕಾಂಡವನ್ನು ನೆನೆಯೋಣ. ಪುರಜನರು ಏನು ಮಾತನಾಡುತ್ತಿದ್ದಾರೆಂದು ಶ್ರೀರಾಮನು ಕೇಳಿದಾಗ, ಬೀದಿ ಚೌಕಗಳಲ್ಲಿ ಹಬ್ಬಿದ ಅಪವಾದವನ್ನು ಭದ್ರನು ಅರುಹುತ್ತಾನೆ. ಆಡಿದವರ ಹೆಸರನ್ನು ಮಹರ್ಷಿಗಳು ಹೇಳಲಿಲ್ಲ, ಗಾಳಿಮಾತಿಗೆ ಹೆಸರಿರುವುದಿಲ್ಲ. ಆದರೆ ತುಂಬುಗರ್ಭಿಣಿ ಸೀತಾಮಾತೆ ಕಾಡಿಗೆ ಹೋಗಬೇಕಾಯಿತು. ಆಡಿದವರು ಅಂದು ರಾತ್ರಿ ತಮ್ಮ ತಮ್ಮ ಮನೆಗಳಲ್ಲಿ ಸುಖವಾಗಿ ನಿದ್ರಿಸಿರಬೇಕು.

ಇದು ತ್ರೇತಾಯುಗದ ಮಾತಾಯಿತು. ನಾವು ನೆಲೆಸಿರುವ ಈ ಚೆನ್ನೈ ಮಹಾನಗರದಲ್ಲೇ ನಡೆದುದನ್ನು ಕೇಳಿರಿ. 1944ರಲ್ಲಿ ಎಂ. ಕೆ. ತ್ಯಾಗರಾಜ ಭಾಗವತರು ಅಭಿನಯಿಸಿದ ‘ಹರಿದಾಸ್’ ಚಿತ್ರ ತೆರೆ ಕಂಡಿತು. ಹೆತ್ತವರನ್ನು ಕಡೆಗಣಿಸಿದ ಮಗನೊಬ್ಬನು ಪಶ್ಚಾತ್ತಾಪದಿಂದ ಹರಿಭಕ್ತನಾಗುವ ಕಥೆಯದು. ಇಲ್ಲಿಯ ಒಂದೇ ಚಿತ್ರಮಂದಿರದಲ್ಲಿ ಅದು ಮೂರು ದೀಪಾವಳಿಗಳನ್ನು ಕಂಡಿತು. ಅದೇ ಕಾಲದಲ್ಲಿ ಲಕ್ಷ್ಮೀಕಾಂತನ್ ಎಂಬ ಪತ್ರಕರ್ತರು ‘ಸಿನಿಮಾ ತೂದು’, ಅನಂತರ ‘ಹಿಂದೂ ನೇಸನ್’ ಪತ್ರಿಕೆಗಳಲ್ಲಿ ಕಲಾವಿದರ ಅಂತರಂಗದ ಬಾಳನ್ನು ಬೀದಿಗೆ ತಂದಿದ್ದರು. 1944ರ ನವೆಂಬರಿನಲ್ಲಿ ವೇಪೇರಿಯಲ್ಲಿ ಅವರು ಇರಿತಕ್ಕೊಳಗಾಗಿ ಮರಣ ಹೊಂದಿದರು. ಭಾಗವತರೂ ಹಾಸ್ಯನಟ ಎನ್. ಎಸ್. ಕೃಷ್ಣನ್ ಅವರೂ ಬಂಧಿತರಾಗಿ ಶಿಕ್ಷೆಗೆ ಗುರಿಯಾದರು. ಮೊಕದ್ದಮೆ ಪ್ರಿವಿ ಕೌನ್ಸಿಲಿನವರೆಗೆ ಹೋಗಿ, 1947ರಲ್ಲಿ ಇಬ್ಬರೂ ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು. ಆದರೆ ಭಾಗವತರ ಹಿಂದಿನ ವೈಭವ ಮರಳಲಿಲ್ಲ. 1959ರಲ್ಲಿ ಅವರು ತೀರಿಕೊಂಡರು. ಕೊಂದವರು ಯಾರೆಂಬುದು ಇಂದಿಗೂ ಬಗೆಹರಿದಿಲ್ಲ.

ಬರೆದವರು ಹೋದರು, ಬರೆಸಿಕೊಂಡವರು ನೊಂದರು. ಮೂರನೆಯವರು ಯಾರು? ಕಾಸು ಕೊಟ್ಟು ಕೊಂಡು ಓದಿದವರು! ಅವರನ್ನು ಯಾವ ನ್ಯಾಯಾಲಯವೂ ಕರೆಯಲಿಲ್ಲ. ಆದರೆ ಕೊಳ್ಳುವವರಿಲ್ಲದಿದ್ದರೆ ಅಂತಹ ಪತ್ರಿಕೆ ಒಂದು ತಿಂಗಳಾದರೂ ನಡೆಯುತ್ತಿತ್ತೇ? ಅಂದಿನ ಆ ಹಾಳೆ ಇಂದು ಅಂಗೈಯ ದೂರವಾಣಿಗೆ ಬಂದಿದೆ. ಬೆರಳಿನಿಂದ ಒತ್ತಿ ಇನ್ನೊಬ್ಬರಿಗೆ ಕಳುಹಿಸುವ ನಾವು ಓದುಗರಷ್ಟೇ ಅಲ್ಲ, ಪ್ರಕಾಶಕರೂ ಆಗಿದ್ದೇವೆ.

“ಅವರು ಸಾರ್ವಜನಿಕ ವ್ಯಕ್ತಿಗಳಲ್ಲವೇ?” ಎನ್ನಬಹುದು. ಅವರ ಕಲೆ ಸಾರ್ವಜನಿಕರದು. ಅವರ ಕಣ್ಣೀರು ನಮ್ಮದಲ್ಲ. ಅನ್ಯಾಯವನ್ನು ಬಯಲಿಗೆಳೆಯುವುದು ಪತ್ರಿಕಾಧರ್ಮ. ಮುರಿದ ಸಂಸಾರವನ್ನು ಮಾರುವುದು ವ್ಯಾಪಾರ. ಗೀತೆಯ 17ನೆಯ ಅಧ್ಯಾಯದಲ್ಲಿ ಭಗವಂತನು ಮಾತಿಗೂ ಒಂದು ತಪಸ್ಸನ್ನು ವಿಧಿಸಿದ್ದಾನೆ. ಅದರಂತೆ ಮಾತು ನಿಜವಾಗಿದ್ದರಷ್ಟೇ ಸಾಲದು. ಅದರಿಂದ ಹಿತವೂ ಆಗಬೇಕು. ನಾಲಗೆಗೆ ಈ ತಪಸ್ಸಾದರೆ ಕಿವಿಗೂ ಕಣ್ಣಿಗೂ ಬೇಡವೇ?

ಆದುದರಿಂದ ಈ ನವರಾತ್ರಿಯಲ್ಲಿ ಒಂದು ಸಣ್ಣ ವ್ರತವನ್ನು ಕೈಕೊಳ್ಳೋಣ. ಪರರ ಬಾಳಿನ ಸುದ್ದಿ ಕೈಗೆ ಬಂದಾಗ, ‘ಇದನ್ನು ಶಾರದೆಯ ಮುಂದೆ ಇರಿಸಬಲ್ಲೆನೇ?’ ಎಂದು ಕೇಳಿಕೊಳ್ಳೋಣ. ಇರಿಸಲಾಗದುದನ್ನು ಓದದಿರೋಣ, ಓದಿದ್ದರೂ ಇನ್ನೊಬ್ಬರಿಗೆ ದಾಟಿಸದಿರೋಣ. ಅಷ್ಟಾದರೆ ಆ ಪೀಠ ವರ್ಷವಿಡೀ ನಮ್ಮ ಮನೆಯಲ್ಲಿ ಉಳಿಯುತ್ತದೆ. ವಾಗ್ದೇವಿಯು ನಮ್ಮೆಲ್ಲರ ನಾಲಗೆಯನ್ನೂ ಕಿವಿಯನ್ನೂ ಶುದ್ಧಗೊಳಿಸಲಿ.

ಸರ್ವೇ ಜನಾಃ ಸುಖಿನೋ ಭವಂತು.